ಮೂವತ್ತೊಂದು ಮನೆಗಳ ಹೆಸರು

ಸಂಜೆ ನಾಲ್ಕು ಇಪ್ಪತ್ತು. ನಮ್ಮ ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿರುತ್ತಿತ್ತು, ಹಾಗಾಗಿ ನಾಲ್ಕೂ ಕಾಲು ಎಂದುಕೊಂಡರೂ ತಪ್ಪಿಲ್ಲ. ತೊಂಬತ್ತೊಂದರ ಡಿಸೆಂಬರ್. ಕಾವೇರಿ ಗಲಾಟೆ ಊರೆಲ್ಲ ಹಬ್ಬಿ, ತಮಿಳರ ಮನೆಗೆ ಬೆಂಕಿ ಇಟ್ಟರಂತೆ, ಅಂಗಡಿ ಲೂಟಿಯಾಯಿತಂತೆ ಎಂಬ ಸುದ್ದಿಗಳು ಬೆಳಗಿನಿಂದ ಬರುತ್ತಿದ್ದವು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ಕೊನೆಯ ಮನೆಯ ಸೆಲ್ವಿಯಮ್ಮ ಬಂದು ನಮ್ಮ ಬಾಗಿಲು ಬಡಿದರು. ಅವರ ಗಂಡ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಮಗಳು ವಳ್ಳಿಗೆ ಹನ್ನೊಂದು ವರ್ಷ. ದಿನಾ ಸಂಜೆ ನನ್ನ ಹತ್ತಿರವೇ ಪಾಠಕ್ಕೆ ಬರುತ್ತಿದ್ದಳು. ಅಂದು ಅವಳ ಕೈಯಲ್ಲಿ ಪುಸ್ತಕದ ಬದಲು ನಲ್ಲಿಯಿಂದ ಅರ್ಧ ತುಂಬಿಸಿಕೊಂಡ ಬಕೆಟ್ ಇತ್ತು.

"ಮಿಸ್, ಇವಳೊಬ್ಬಳನ್ನಾದ್ರೂ ಒಳಗೆ ಬಿಟ್ಕೊಳ್ಳಿ. ಮಾರ್ಕೆಟ್ ಕಡೆಯಿಂದ ಬರ್ತಾ ಇದಾರಂತೆ."

ನಾನು ಬಾಗಿಲನ್ನು ಒಂದು ಗೇಣಿನಷ್ಟು ತೆರೆದಿದ್ದೆ. "ಅಮ್ಮನ್ನ ಕೇಳಿ ಹೇಳ್ತೀನಿ" ಎಂದೆ. ಬಾಗಿಲು ಹಾಕಿಕೊಂಡೆ. ಮೇಲಿನ ಚಿಲಕ, ಆಮೇಲೆ ಕೆಳಗಿನ ಚಿಲಕ. ಅಮ್ಮನನ್ನು ಕೇಳಲಿಲ್ಲ.

ಇದು ದ್ವೀಪದಜ್ಜಿಯ ಬಗೆಗಿನ ಬರಹ. ಅವರು ತೀರಿಕೊಂಡ ಮೇಲೆ ನಾಲ್ಕು ಸಾಲು ಬರೆಯಬೇಕು ಎಂದು ಕೂತಾಗಲೆಲ್ಲ ಮೊದಲು ನೆನಪಾಗುವುದು ಅವರ ಮುಖವಲ್ಲ, ನನ್ನ ಆ ಎರಡು ಚಿಲಕ. ಹಾಗಾಗಿ ಅದನ್ನು ಮೊದಲೇ ಹೇಳಿಬಿಟ್ಟೆ.

ದ್ವೀಪದಜ್ಜಿ ಎಂದು ಹೆಸರಿಟ್ಟವರು ವಠಾರದ ಮಕ್ಕಳು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆಯುವಷ್ಟು ಸಲಿಗೆಯನ್ನು ನಾನು ಕಳೆದುಕೊಂಡಿದ್ದೇನೆ. ತಮಿಳುನಾಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಬಿಸಿಲು ತಡೆಯದೆ ಬೆಂಗಳೂರಿಗೆ ಬಂದು ನಮ್ಮ ಪಕ್ಕದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದರು. ಎತ್ತರದ ಹೆಂಗಸು, ನಡೆಯುವಾಗ ಕಾಲನ್ನು ಅಗಲಿಸಿ ಇಡುತ್ತಿದ್ದರು, ನೆಲ ಈಗಲೋ ಆಗಲೋ ಓಲಾಡಬಹುದು ಎನ್ನುವಂತೆ. ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ.

ಮನೆ ನೋಡಲು ಬಂದ ದಿನ ವಠಾರದ ಮಾಲೀಕರು ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಜನ?"

"ದ್ವೀಪದ ಜನ" ಎಂದರು ಅಜ್ಜಿ, ತಮಿಳಿನಲ್ಲಿ.

"ಅಂದ್ರೆ, ಸ್ವೀಡನ್ನೋರು ಅಂತ ಹೇಳಿದ್ರಲ್ಲ ಬ್ರೋಕರ್ರು?"

"ಭಾಷೆ ಅವರದು. ಊರು ಎಸ್ಟೋನಿಯಾದ್ದು. ನಾವು ಅಲ್ಲೂ ಅಲ್ಲ, ಇಲ್ಲೂ ಅಲ್ಲ. ನಡುವೆ ಕಡಲು."

ಮಾಲೀಕರಿಗೆ ಏನೂ ಅರ್ಥವಾಗಲಿಲ್ಲ. "ಅದೆಲ್ಲಾ ಇರ್ಲಿ. ಮೀನು ಮಾಂಸ ಮಾತ್ರ ಆಗಲ್ಲಮ್ಮ" ಎಂದರು. ಮೀನೇ ಊಟ, ಮೀನೇ ಗೊಬ್ಬರ, ಮೀನೇ ಬಾಡಿಗೆ ಎಂಬಂಥ ಊರಲ್ಲಿ ಹುಟ್ಟಿದ ಹೆಂಗಸು ಸರಿ ಎಂದು ತಲೆಯಾಡಿಸಿದರು. ಭಾನುವಾರ ಚರ್ಚಿನಿಂದ ಬರುವಾಗ ಎಲ್ಲೋ ಮೀನು ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿಯುತ್ತಾ ಗೇಟು ದಾಟುತ್ತಿದ್ದರು. ಏಲಕ್ಕಿ ವಾಸನೆ ಬಂತೆಂದರೆ ಅಮ್ಮ ನಗುತ್ತಿದ್ದರು, "ಅಜ್ಜಿ ಊಟ ಚೆನ್ನಾಗಾಗಿದೆ ಇವತ್ತು."

ನಾನು ಆಗ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಶೇಷಾದ್ರಿಪುರಂನ ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಅಜ್ಜಿಗೆ ತಮಿಳು ನೀರು ಕುಡಿದಷ್ಟು ಸಲೀಸು, ಕನ್ನಡ ಬಾರದು. ವಾರಕ್ಕೆ ಮೂರು ದಿನ ನಾನು ಕನ್ನಡ ಹೇಳಿಕೊಡುವುದು, ಬದಲಿಗೆ ಅವರು ತಮಿಳು ಬೆರೆಸಿ ತಮ್ಮ ದ್ವೀಪದ ಕಥೆ ಹೇಳುವುದು ಎಂದು ಒಪ್ಪಂದವಾಯಿತು. ಅವೆನ್ಯೂ ರಸ್ತೆಯಿಂದ ಎರಡು ದಪ್ಪ ನೋಟ್‌ಬುಕ್ ತಂದು ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಎಂದಾದರೂ ಪುಸ್ತಕ ಮಾಡುವ ಆಸೆಯಿತ್ತು.

ಅವರ ಜನ ಆ ದ್ವೀಪಗಳಿಗೆ ಬಂದು ಆರೇಳು ನೂರು ವರ್ಷಗಳಾಗಿದ್ದವಂತೆ. ಸುತ್ತಲಿನವರದು ಎಸ್ಟೋನಿಯನ್ ಭಾಷೆ, ಜಮೀನ್ದಾರರದು ಜರ್ಮನ್, ಇವರದು ಸ್ವೀಡಿಷ್. ನೀವು ಯಾರ ಜೀತದಾಳುಗಳೂ ಅಲ್ಲ ಎಂದು ಹಿಂದಿನ ಸ್ವೀಡನ್ ರಾಜರು ಬರೆದುಕೊಟ್ಟ ಕಾಗದಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಜಮೀನ್ದಾರ ಕೈ ಎತ್ತಿದಾಗಲೆಲ್ಲ ಕಾಗದ ಹೊರಗೆ ಬರುತ್ತಿತ್ತು. "ಕಾಗದ ಇತ್ತು, ಏಟೂ ಬಿತ್ತು" ಎನ್ನುತ್ತಿದ್ದರು ಅಜ್ಜಿ.

ಅಲ್ಲಿ ಕಮಾನಿನಿಂದ ನುಡಿಸುವ ಒಂದು ತಂತಿವಾದ್ಯ ಮನೆಮನೆಯಲ್ಲೂ ಇತ್ತು. ಅವರ ಅಜ್ಜನ ಕಾಲದಲ್ಲಿ ಬಂದ ಒಬ್ಬ ಬೋಧಕ ಅದು ಪಾಪದ ವಸ್ತು ಎಂದ. ಜನ ತಾವೇ ತಂದು ಬೆಂಕಿಗೆ ಹಾಕಿದರು. ನಾನು ಬರೆದುಕೊಳ್ಳುತ್ತಾ, "ಛೆ, ಎಂಥ ದಬ್ಬಾಳಿಕೆ" ಎಂದೆ. ಅಜ್ಜಿ ನನ್ನ ಪೆನ್ನಿನ ಮೇಲೆ ಬೆರಳಿಟ್ಟರು. "ಅವನು ಸುಡಲಿಲ್ಲಮ್ಮ. ಮಾತಾಡಿದ, ಅಷ್ಟೇ. ಸುಟ್ಟದ್ದು ನಾವು. ಹಾಗೇ ಬರಿ."

ಅವರ ದ್ವೀಪದ ಮಾತು ಸ್ವೀಡನ್ನಿನವರಿಗೂ ಸಲೀಸಾಗಿ ಅರ್ಥವಾಗುತ್ತಿರಲಿಲ್ಲ. ಹದಿನೆಂಟನೇ ವಯಸ್ಸಿಗೆ ಅಲ್ಲಿಗೆ ಓಡಿಹೋಗಿ ನರ್ಸಿಂಗ್ ಶಾಲೆ ಸೇರಿದಾಗ ಮೇಲ್ವಿಚಾರಕಿ ಬೆನ್ನು ತಟ್ಟಿ, ಪರವಾಗಿಲ್ಲ, ಎಷ್ಟು ಬೇಗ ನಮ್ಮ ಭಾಷೆ ಕಲಿತೆ ಎಂದಳಂತೆ. "ನಾನು ಥ್ಯಾಂಕ್ಸ್ ಹೇಳಿದೆ" ಎಂದರು ಅಜ್ಜಿ. "ನನ್ನ ಅಮ್ಮನ ಭಾಷೆ. ಅದಕ್ಕೆ ಥ್ಯಾಂಕ್ಸ್ ಹೇಳಿದೆ. ಆಮೇಲೆ ದ್ವೀಪದ ಮಾತು ಬಾಯಿಂದ ಹೊರಗೆ ಬರಲಿಲ್ಲ."

"ಒಂದೇ ಒಂದು ಮಾತು ಹೇಳಿ ಅಜ್ಜಿ, ಕೇಳೋಣ."

"ಯಾರ ಹತ್ತಿರ? ಒಬ್ಬಳೇ ಮಾತಾಡಿದರೆ ಹುಚ್ಚಿ ಅಂತೀರಿ."

ವಠಾರಕ್ಕೆ ಅವರು ಕೊಟ್ಟ ದೊಡ್ಡ ಕೊಡುಗೆ ಎಂದರೆ ಬಕೆಟ್ಟಿನ ಗುರುತು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಸಂಜೆ ನಾಲ್ಕರ ನಂತರ. ಸಾಲಿನಲ್ಲಿಟ್ಟ ಬಕೆಟ್ಟುಗಳು ಅದಲುಬದಲಾಗಿ ಜಗಳ ನಡೆಯದ ವಾರವಿರಲಿಲ್ಲ. ಒಂದು ದಿನ ಅಜ್ಜಿ ಸಣ್ಣ ಡಬ್ಬಿಯಲ್ಲಿ ಕೆಂಪು ಪೇಂಟು ತಂದು, ಪ್ರತಿ ಮನೆಯ ಬಕೆಟ್ಟಿಗೂ ನಾಲ್ಕಾರು ಗೆರೆಯ ಒಂದೊಂದು ಗುರುತು ಬರೆದರು. ಅವರ ಊರಲ್ಲಿ ಪ್ರತಿ ಮನೆತನಕ್ಕೂ ಹೀಗೆ ಒಂದು ಗುರುತು. ದೋಣಿ, ಬಲೆ, ಹುಟ್ಟು, ಸಮಾಧಿಯ ಶಿಲುಬೆ, ಎಲ್ಲದರ ಮೇಲೂ ಅದೇ. ಓದು ಬಾರದವರೂ ಅದನ್ನು ಓದುತ್ತಿದ್ದರು. ಕಡಲು ದಡಕ್ಕೆ ತಂದು ಹಾಕಿದ ಹಲಗೆ ಯಾರ ದೋಣಿಯದು, ಯಾರ ಮನೆಗೆ ಸುದ್ದಿ ಮುಟ್ಟಿಸಬೇಕು ಎಂದು ಆ ಗೆರೆಗಳೇ ಹೇಳುತ್ತಿದ್ದವು.

ನಮ್ಮ ಮನೆಗೆ ಸಿಕ್ಕಿದ್ದು ಡಮರುಗದಂಥ ಗುರುತು. ಅಜ್ಜಿಯದು ಮೂರು ಹಲ್ಲಿನ ಬಾಚಣಿಗೆ, ಅವರ ಅಪ್ಪನ ಮನೆಯದೇ. ಸೆಲ್ವಿಯಮ್ಮನ ಮನೆಗೆ ಮೂರು ಗೆರೆಯ ಹಕ್ಕಿಕಾಲು.

"ಏನು ಪಾಟಿ, ಎಲ್ಲಾರ್ಗೂ ಚೆಂದಚೆಂದದ್ದು ಕೊಟ್ಟು ನಮಗೆ ಕೋಳಿಕಾಲಾ? ಇಲ್ಲಿ ಬೇಯ್ಸೋಕಂತೂ ಬಿಡಲ್ಲ, ಬಕೆಟ್ ಮೇಲಾದ್ರೂ ಇರ್ಲಿ" ಎಂದು ಸೆಲ್ವಿಯಮ್ಮ ನಕ್ಕಿದ್ದರು. ಮಾಲೀಕರೂ ನಕ್ಕಿದ್ದರು. ಒಂದು ತಿಂಗಳಲ್ಲಿ ವಠಾರದ ಎಲ್ಲರಿಗೂ ಏಳು ಗುರುತೂ ಬಾಯಿಪಾಠವಾದವು. ಯಾವ ಬಾಗಿಲ ಮುಂದೆ ಯಾವ ಬಕೆಟ್ ಇದೆ ಎಂದು ನೋಡಿದರೆ ಯಾರು ಯಾರ ಮನೆಯಲ್ಲಿ ಹರಟುತ್ತಿದ್ದಾರೆ ಎಂದು ಹೇಳಬಹುದಿತ್ತು. ಹೊರಗಿನವರಿಗೆ ಅವು ಬರೀ ಗೆರೆ.

ಅವರು ದ್ವೀಪ ಬಿಟ್ಟ ಕಥೆಯನ್ನು ಹೇಳಿದ್ದು ಆ ಗಲಾಟೆಗೆ ಕೆಲವೇ ವಾರಗಳ ಮೊದಲು. ಮಹಾಯುದ್ಧದ ಕೊನೆಯ ದಿನಗಳು. ಊರಲ್ಲಿ ಜರ್ಮನ್ ಸೈನ್ಯ, ಆ ಕಡೆಯಿಂದ ಸೋವಿಯತ್ ಸೈನ್ಯ ಬರುತ್ತಿದೆ. ಸ್ವೀಡಿಷ್ ಆಡುವವರನ್ನು ಸ್ವೀಡನ್ ಒಳಗೆ ಬಿಟ್ಟುಕೊಳ್ಳುತ್ತದೆ, ಬೇರೆಯವರು ಜೊತೆಗಿದ್ದರೆ ತೊಂದರೆ ಎಂಬ ಮಾತು ಹಬ್ಬಿತ್ತು. ಅಪ್ಪನ ದೋಣಿ ಸಿದ್ಧವಾಗಿತ್ತು. ಪಕ್ಕದಲ್ಲೇ ಎಸ್ಟೋನಿಯನ್ ಆಡುವ ಒಂದು ಮನೆ. ಅಲ್ಲಿನ ಹುಡುಗಿ ಇವರ ಗೆಳತಿ. ಅವಳ ತಾಯಿ ಬಂದು, ಮಗಳೊಬ್ಬಳನ್ನು ಕರೆದುಕೊಂಡು ಹೋಗಿ ಎಂದಳು. ದೋಣಿಯಲ್ಲಿ ಜಾಗವಿತ್ತು. ಅಪ್ಪ, ಯೋಚಿಸಿ ನಾಳೆ ಹೇಳುತ್ತೇನೆ ಎಂದರು. ಬೆಳಕು ಹರಿಯುವ ಮೊದಲೇ ದೋಣಿ ಹೊರಟಿತು.

"ಆಮೇಲೆ ಆ ಹುಡುಗಿ?"

"ಗೊತ್ತಿಲ್ಲ. ಕಾಗದ ಬರೆದೆ. ಉತ್ತರ ಬರಲಿಲ್ಲ."

ನನಗೆ ಇಪ್ಪತ್ತಮೂರು ವರ್ಷ. ಕೈಯಲ್ಲಿ ಪೆನ್ನು. "ನಿಮ್ಮಪ್ಪ ಮಾಡಿದ್ದು ಸರಿಯಲ್ಲ ಅಜ್ಜಿ. ನಾನಾಗಿದ್ರೆ ಕರ್ಕೊಂಡು ಹೋಗ್ತಿದ್ದೆ" ಎಂದೆ.

ಅಜ್ಜಿ ಸಿಟ್ಟಾಗಲಿಲ್ಲ. "ಹಾಗೇ ಆಗಲಿ" ಎಂದರು, ಆಶೀರ್ವಾದ ಮಾಡುವವರ ಹಾಗೆ.

ಈಗ ಮತ್ತೆ ನಾಲ್ಕು ಇಪ್ಪತ್ತಕ್ಕೆ ಬರುತ್ತೇನೆ.

ನಾನು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಒಳಕೋಣೆಯಲ್ಲಿ ಮಲಗಿದ್ದ ಅಮ್ಮ, "ಯಾರೇ ಅದು?" ಎಂದರು. "ಯಾರೂ ಇಲ್ಲ" ಎಂದೆ. ದೂರ ಹೋಗುವ ಹೆಜ್ಜೆಯ ಸದ್ದು ಕೇಳಲಿಲ್ಲ. ಅವರು ನಿಂತು ಕಾಯುತ್ತಿದ್ದರು. ಕೇಳಿ ಹೇಳುತ್ತೇನೆ ಎಂದಿದ್ದೆನಲ್ಲ. ಆಮೇಲೆ ಗಂಡಸರ ಚಪ್ಪಲಿಯ ಸದ್ದು ಬಂತು. "ವಾಮ್ಮಾ, ವಾ" ಎಂದು ಅಜ್ಜಿಯ ಮೆಲುದನಿಯ ತಮಿಳು. ಪಕ್ಕದ ಬಾಗಿಲು ಮುಚ್ಚಿಕೊಂಡಿತು.

ಹತ್ತು ನಿಮಿಷದಲ್ಲಿ ಗೇಟು ದೂಡಿಕೊಂಡು ಅವರು ಬಂದರು. ಹನ್ನೆರಡೋ ಹದಿನೈದೋ ಜನ. ಕೈಯಲ್ಲಿ ದೊಣ್ಣೆ, ಒಬ್ಬನ ಕೈಯಲ್ಲಿ ಸೀಮೆಎಣ್ಣೆಯ ಕ್ಯಾನು. ಅವರಲ್ಲಿ ಒಬ್ಬನನ್ನೂ ನಾನು ಮೊದಲು ಕಂಡಿರಲಿಲ್ಲ, ಆದರೆ ಕೊನೆಯ ಮನೆ ಯಾರದು ಎಂದು ಅವರಿಗೆ ಗೊತ್ತಿತ್ತು. ಬೀಗ ಒಡೆದರು. ಪಾತ್ರೆಗಳು ಅಂಗಳಕ್ಕೆ ಬಿದ್ದವು, ಹಾಸಿಗೆ ಬಿತ್ತು, ವಳ್ಳಿಯ ಶಾಲೆಯ ಚೀಲ ಬಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂದು ತಿಳಿದ ಮೇಲೆ ಅವರ ಸಿಟ್ಟು ಇನ್ನೂ ಏರಿತು.

ನಾನು ಕಿಟಕಿಯ ಬಳಿ ನಿಂತಿದ್ದೆ. ಯಾಕೆ ನಿಂತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಅಜ್ಜಿಯ ಜಗಲಿ ಕಾಣುತ್ತಿತ್ತು. ಅವರು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಮೆಟ್ಟಿಲ ಮೇಲೆ ಕೂತು ಹಿತಕಿದವರೆ ಸಾರಿಗೆಂದು ನೆನೆಹಾಕಿದ ಅವರೆಕಾಳಿನ ಸಿಪ್ಪೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಎರಡು ಬಕೆಟ್. ಒಂದರ ಮೇಲೆ ಬಾಚಣಿಗೆ, ಇನ್ನೊಂದರ ಮೇಲೆ ಹಕ್ಕಿಕಾಲು. ಗಾಬರಿಯಲ್ಲಿ ವಳ್ಳಿ ಅಭ್ಯಾಸದಂತೆ ಬಕೆಟ್ಟನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಹೋಗಿದ್ದಳು.

ಮುಂದಾಳಿನಂತಿದ್ದವನು ನನ್ನ ಕಿಟಕಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ. ಮಾತಿನಲ್ಲಿ ಮರ್ಯಾದೆಯೂ ಇತ್ತು.

"ಮೇಡಂ, ಆ ಕೊನೇ ಮನೆಯೋರು ಎಲ್ಲಿ?"

"ಗೊತ್ತಿಲ್ಲ."

"ಈ ಪಕ್ಕದ ಮನೇಲಿ ಯಾರಿದಾರೆ?"

ಅಜ್ಜಿ ಒಬ್ಬರೇ ಇರೋದು ಎಂದಿದ್ದರೆ ಸಾಕಿತ್ತು. ಮೂರು ಮಾತು. ನನ್ನ ಬಾಯಿಂದ ಬಂದದ್ದು, "ಗೊತ್ತಿಲ್ಲ."

"ಅಲ್ರೀ, ಗೋಡೆಗೆ ಗೋಡೆ ಅಂಟ್ಕೊಂಡಿದೆ. ಪಕ್ಕದ ಮನೇಲಿ ಯಾರಿದಾರೆ ಅಂತ ಗೊತ್ತಿಲ್ವಾ?" ಎಂದು ಅವನು ನಕ್ಕ. ಆಮೇಲೆ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದ. ನನ್ನ ಕಣ್ಣು ಹಕ್ಕಿಕಾಲಿನ ಬಕೆಟ್ಟಿನ ಮೇಲಿತ್ತು. ಅವನಿಗೆ ಗುರುತು ಓದಲು ಬರುತ್ತಿರಲಿಲ್ಲ, ನನ್ನ ಮುಖ ಓದಲು ಬಂತು. ತಿರುಗಿ ಅಜ್ಜಿಯ ಮುಂದೆ ಹೋಗಿ ನಿಂತ.

"ಏನಜ್ಜಿ, ಒಬ್ರೇ ಇರೋದಾ? ಎರಡು ಬಕೆಟ್ ಯಾಕೆ?"

ಅಜ್ಜಿ ಬಾಯಿ ಬಿಟ್ಟರೆ ಬರುವುದು ತಮಿಳು, ಇಲ್ಲವೇ ನಾನು ಕಲಿಸಿದ, ತಮಿಳಿನ ರಾಗದಲ್ಲೇ ಹೊರಡುವ ಅರೆಬರೆ ಕನ್ನಡ. ಎರಡೂ ಅಪಾಯ.

ಅಜ್ಜಿ ತಲೆಯೆತ್ತಿ ಅವನ ಮುಖ ನೋಡಿದರು. ಮಾತಾಡಲು ಶುರುಮಾಡಿದರು. ಅದು ತಮಿಳಲ್ಲ, ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಒಂದೊಂದು ಮಾತಾಗಿ, ಒಂದೇ ಸಮನೆ, ಅವಸರವಿಲ್ಲದೆ, ಒಂದೊಂದು ಮಾತಿಗೂ ಒಂದೊಂದು ಕಾಳಿನ ಸಿಪ್ಪೆ ಬಿಡಿಸುತ್ತಾ. ಅವನು ಏನೋ ಕೇಳಿದ. ಅವರು ನಿಲ್ಲಿಸಲಿಲ್ಲ. ಅವನು ಧ್ವನಿ ಏರಿಸಿದ. ಅವರ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದು ಕಾಳು ಜಾರಿ ಹಾರಿ ಅವನ ಅಂಗಿಗೆ ಬಡಿಯಿತು.

ಹಿಂದಿದ್ದವನೊಬ್ಬ ನಕ್ಕುಬಿಟ್ಟ. "ಲೋ ಮಗಾ, ಫಾರಿನ್ ಅಜ್ಜಿ ಕಣೋ. ಮಂತ್ರಗಿಂತ್ರ ಹಾಕ್ತಾ ಇದೆ. ಬಾರೋ."

"ತಲೆ ಕೆಟ್ಟಿದೆ ಬಿಡು ಗುರು" ಎಂದ ಇನ್ನೊಬ್ಬ.

ಇಸ್ತ್ರಿ ಅಂಗಿಯವನು ಬಾಗಿಲನ್ನೂ ಬಕೆಟ್ಟನ್ನೂ ಇನ್ನೊಮ್ಮೆ ನೋಡಿದ. ಆ ನೋಟ ಎಷ್ಟು ಹೊತ್ತಿತ್ತೋ, ನನಗೆ ಅದು ಹದಿಮೂರು ವರ್ಷ ನಡೆಯಿತು. ಆಮೇಲೆ ಹಕ್ಕಿಕಾಲಿನ ಬಕೆಟ್ಟನ್ನು ಒದ್ದ. ನೀರು ಅಂಗಳದ ತುಂಬಾ ಹರಿಯಿತು. ಹೋಗುವಾಗ ಗೇಟಿನ ಬಳಿಯಿದ್ದ ತಳ್ಳುಗಾಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಾಕಿದರು. ಅವರು ಹೋಗಿ ಎಷ್ಟೋ ಹೊತ್ತಾದ ಮೇಲೂ ಅಜ್ಜಿ ಆ ಮಾತುಗಳನ್ನು ನಿಲ್ಲಿಸಿರಲಿಲ್ಲ. ಸಿಪ್ಪೆ ತಟ್ಟೆಗೆ, ಕಾಳು ನೆಲಕ್ಕೆ ಬೀಳುತ್ತಿದ್ದವು.

ಎರಡು ದಿನ ಬಿಟ್ಟು ವಳ್ಳಿಯ ಅಪ್ಪ ಬಂದು ಹೆಂಡತಿ ಮಗಳನ್ನು ಕರೆದುಕೊಂಡು ಹೋದರು. ಉಳಿದ ಪಾತ್ರೆಗಳನ್ನು ಚೀಲಕ್ಕೆ ತುಂಬಲು ವಠಾರದ ಎಲ್ಲರೂ ಹೋದರು, ನಾನು ಹೋಗಲಿಲ್ಲ. ನಮ್ಮ ಬಾಗಿಲು ದಾಟುವಾಗ ಸೆಲ್ವಿಯಮ್ಮ ಈ ಕಡೆ ನೋಡಲಿಲ್ಲ. ಅಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಬೈಯಲಿಲ್ಲ. "ನನ್ನ ಕೇಳಿದ್ರೆ ತೆಗಿ ಅಂತಿದ್ದೆ ಕಣೇ" ಎಂದರು. ಅಷ್ಟೇ.

ನಾನು ಪಾಠಕ್ಕೆ ಹೋಗುವುದನ್ನು ಬಿಟ್ಟೆ. ಒಂದು ವಾರದ ನಂತರ ಅಜ್ಜಿಯೇ ಕನ್ನಡ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೂತರು. ನಾನು ಪುಟದ ಮೇಲಿನ ಅಕ್ಷರಗಳನ್ನೇ ನೋಡುತ್ತಾ, "ಅವತ್ತು ಏನು ಹೇಳಿದ್ರಿ ಅಜ್ಜಿ ಅವನಿಗೆ?" ಎಂದೆ.

"ಮನೆಗಳ ಹೆಸರು. ನಮ್ಮ ಊರಿನ ಮನೆಗಳು, ಕಡಲ ಕಡೆಯಿಂದ ಚರ್ಚಿನ ತನಕ. ಅಪ್ಪ ಕಲಿಸಿದ್ದು. ಗುರುತು ಕಲಿಯುವಾಗ ಹೆಸರು ಹೇಳಿಕೊಂಡೇ ಕಲಿಯಬೇಕು. ಮೂವತ್ತು ಮನೆ." ಮತ್ತೆ ತಿದ್ದಿ ಹೇಳಿದರು, "ಅಪ್ಪನ ಲೆಕ್ಕದಲ್ಲಿ ಮೂವತ್ತು. ಪಕ್ಕದ ಎಸ್ಟೋನಿಯದವರ ಮನೆ ಅದರಲ್ಲಿ ಇರಲಿಲ್ಲ. ಅವತ್ತು ಅದನ್ನೂ ಹೇಳಿದೆ. ಮೂವತ್ತೊಂದು."

"ನಾನಾಗಿದ್ರೆ" ಎಂದು ನಾನು ಅಂದಿದ್ದ ಮಾತನ್ನು ಅವರು ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಪಾಠ ಮುಗಿದ ಮೇಲೆ ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು, "ನಾಳಿದ್ದು ಬಾ" ಎಂದರು. ನಾನು ಹೋದೆ. ಆದರೆ ನೋಟ್‌ಬುಕ್ ಒಯ್ಯಲಿಲ್ಲ. ಮುಂದೆ ಯಾವತ್ತೂ ಒಯ್ಯಲಿಲ್ಲ.

ಆಗಿನಿಂದ ನನಗೆ ಪೂರ್ತಿ ರಾತ್ರಿಯ ನಿದ್ದೆ ಇಲ್ಲವಾಯಿತು. ಎಲ್ಲಾದರೂ ಚಿಲಕದ ಸದ್ದಾದರೆ ಎಚ್ಚರ. ಎದ್ದು ಬಾಗಿಲು ತೆಗೆದು ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುವುದು. ಮದುವೆಯಾಯಿತು, ಕೆಲಸ ಕಾಯಂ ಆಯಿತು. ತರಗತಿಯಲ್ಲಿ ನಿರಾಶ್ರಿತರ ಬಗ್ಗೆ ಪಾಠ ಮಾಡುವಾಗ ನನ್ನ ಧ್ವನಿ ಸ್ವಲ್ಪವೂ ನಡುಗುತ್ತಿರಲಿಲ್ಲ. ತುಂಬಾ ಚೆನ್ನಾಗಿ ಮಾಡ್ತೀರಿ ಮೇಡಂ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ನಾನೂ ಥ್ಯಾಂಕ್ಸ್ ಹೇಳುತ್ತಿದ್ದೆ.

ವಠಾರ ಕೆಡವಿದ ಮೇಲೆ ಅಜ್ಜಿ ಮಲ್ಲೇಶ್ವರದ ಒಂದು ಕೋಣೆಗೆ ಹೋದರು. ಅಲ್ಲೂ ಮೀನು ನಿಷೇಧ, ಅಲ್ಲೂ ಏಲಕ್ಕಿ. ನಾನು ವರ್ಷಕ್ಕೊಮ್ಮೆಯೋ ಎರಡು ಸಲವೋ ಹೋಗುತ್ತಿದ್ದೆ. ಎರಡು ಸಾವಿರದ ನಾಲ್ಕರಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮನೆಯೊಡತಿ ಫೋನ್ ಮಾಡಿ, ನಿಮ್ಮ ಹೆಸರು ಬರೆದ ಒಂದು ಚೀಟಿ ಇದೆ, ಬಕೆಟ್ಟಿಗೆ ಕಟ್ಟಿದಾರೆ ಎಂದರು. ಒಂದು ಪಕ್ಕ ತಗ್ಗಾದ ತಗಡಿನ ಬಕೆಟ್. ಕೆಂಪು ಮಾಸಿತ್ತು, ಹಕ್ಕಿಕಾಲಿನ ಗೆರೆ ಮೂರೂ ಉಳಿದಿದ್ದವು. ಚೀಟಿಯಲ್ಲಿ ನಾನು ಕಲಿಸಿದ ದುಂಡು ಕನ್ನಡ ಅಕ್ಷರ: "ವಳ್ಳಿಗೆ. ನೀನೇ ಕೊಡು." ಕೆಳಗೆ ವಳ್ಳಿ ತರಕಾರಿ ಮಾರುವ ಜಾಗದ ವಿಳಾಸ. ಅಷ್ಟು ವರ್ಷವೂ ಅವರಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಹತ್ತು ದಿನ ಬಕೆಟ್ಟನ್ನು ಮನೆಯಲ್ಲೇ ಇಟ್ಟುಕೊಂಡೆ. ಹನ್ನೊಂದನೆಯ ದಿನ ಬಸವನಗುಡಿಗೆ ಹೋದೆ. ಅಡ್ಡರಸ್ತೆಯೊಂದರ ಮೂಲೆಯಲ್ಲಿ ಸೊಪ್ಪಿನ ಕಟ್ಟುಗಳ ಮುಂದೆ ಇಪ್ಪತ್ತನಾಲ್ಕರ ಹೆಂಗಸು. ಬಕೆಟ್ ನೋಡಿದ ಮೇಲೆ ನನ್ನನ್ನು ನೋಡಿದಳು.

"ಅಜ್ಜಿ ಹೋದ್ರಾ?"

"ಹೂಂ."

"ಹೋದ ತಿಂಗಳು ಬಂದಿದ್ರು. ಅಗಸೆ ಸೊಪ್ಪು ತಗೊಂಡು ಹೋದ್ರು." ಕಣ್ಣೊರೆಸಿಕೊಂಡಳು.

ನಾನು ರಸ್ತೆಯಲ್ಲೇ ನಿಂತು, ಹದಿಮೂರು ವರ್ಷ ತಾಲೀಮು ಮಾಡಿದ್ದ ಮಾತನ್ನು ಶುರುಮಾಡಿದೆ. "ವಳ್ಳಿ, ಅವತ್ತು ನಾನು ಅಮ್ಮನ್ನ ಕೇಳಲೇ ಇಲ್ಲ."

"ಗೊತ್ತಕ್ಕ" ಎಂದಳು ವಳ್ಳಿ. "ನೀವು ಕೇಳೋಕೆ ಒಳಗೆ ಹೋಗಿದ್ರೆ ಒಂದು ಚಿಲಕ ಸಾಕಿತ್ತು. ನೀವು ಎರಡೂ ಹಾಕಿದ್ರಿ. ಕೇಳಿಸ್ತು."

ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ. ಗಿರಾಕಿಯೊಬ್ಬರಿಗೆ ದಂಟಿನ ಸೊಪ್ಪು ಕೊಟ್ಟು ಕಳಿಸಿ, ನನ್ನತ್ತ ತಿರುಗಿ, "ಅಮ್ಮ ಇದಾರೆ ಮನೇಲಿ. ಆದ್ರೆ ನೀವು ಬರ್ಬೇಡಿ. ಅವರಿಗೆ ಆಗಲ್ಲ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ವಿಷಯ ತಿಳಿಸುವಂತಿತ್ತು.

"ಇಲ್ಲ. ಬರಲ್ಲ" ಎಂದೆ.

ಅವಳು ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು, ಬೀದಿಯ ನಲ್ಲಿಗೆ ಹೋಗಿ ತುಂಬಿಸಿಕೊಂಡು ಬಂದಳು. ಹಕ್ಕಿಕಾಲು ರಸ್ತೆಯ ಕಡೆಗೆ ಕಾಣುವಂತೆ ಇಟ್ಟಳು. ಕೈ ಅದ್ದಿ ಅದ್ದಿ ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗಿದಳು. ನಾನು ಬಸ್ಸು ಹತ್ತಿದೆ.

ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆ, ಹಾಲಿನವನ ಸೈಕಲ್ ಗಂಟೆಗೆ. ನಡುವೆ ಒಮ್ಮೆಯೂ ಏಳಲಿಲ್ಲ. ಬಾಗಿಲಿನ ಚಿಲಕ ಒಂದೇ ಹಾಕಿತ್ತು. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೆ ಆ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ನಿಂತಾಗ ನಾಚಿಕೆಯಾಯಿತು.